ಡೀಸೆಲ್ ಎಂಜಿನ್ ಕೂಡಿಸಿದ ವ್ಯಾನಿಗೆ ತಕ್ಕ ಸ್ಟಾರ್ಟರ್ ಮೋಟಾರು

ವಾಹನ ಇಟ್ಟುಕೊಂಡ ರೈತರಿಗೂ ಯುವಕ ಮಂಡಲಗಳಿಗೂ ಒಂದು ಪಾಠ

ದಬ್ಬೇಘಟ್ಟದ ಸುತ್ತಿನ ಹಳ್ಳಿಗಳಿಗೆ ತೆಂಗೇ ಜೀವನಾಧಾರ. ಅಟ್ಟಕ್ಕೇರಿಸಿದ ಕಾಯಿ ಹತ್ತು ಹನ್ನೆರಡು ತಿಂಗಳು ಒಣಗಿ, ಉಂಡೆ ಕೊಬ್ಬರಿಯಾಗಿ ಕೆಳಗಿಳಿಯುತ್ತದೆ. ವರ್ಷವೆಲ್ಲ ಕಾದ ಆ ಮಾಲು ಹರಾಜಿನ ಹೊತ್ತಿಗೆ ತಿಪಟೂರು ಮುಟ್ಟದಿದ್ದರೆ ಮುಂದಿನ ಹರಾಜಿನವರೆಗೆ ರೈತ ಕಾಯಬೇಕು. ಕೊಬ್ಬರಿ ಸಾಗಿಸುವ ಅದೇ ವ್ಯಾನು ನಡುರಾತ್ರಿ ಹೆರಿಗೆ ನೋವು ಬಂದವರನ್ನೂ ಹಾವು ಕಚ್ಚಿದವರನ್ನೂ ಆಸ್ಪತ್ರೆಗೆ ಮುಟ್ಟಿಸುವ ವಾಹನವೂ ಆಗಿರುತ್ತದೆ. ಪುಷ್ಯಮಾಸದ ಚಳಿಯಲ್ಲಿ ಕೀಲಿ ತಿರುಗಿಸಿದಾಗ ಅದು ಟಕ್ಕೆಂದು ಸುಮ್ಮನಾದರೆ ಎಷ್ಟು ತೊಂದರೆಯೆಂಬುದನ್ನು ಹೇಳಬೇಕಾಗಿಲ್ಲ. ನಾಲ್ಕು ಜನ ಸೇರಿ ತಳ್ಳಿ ಹೊರಡಿಸುವುದು ಕೆಲವೆಡೆ ನಿತ್ಯದ ರೂಢಿಯಾಗಿದೆ. ರಾತ್ರಿ ಹೊತ್ತು ಆ ನಾಲ್ಕು ಜನ ಸಿಕ್ಕುವುದು ಕಷ್ಟ.

ಈ ತೊಂದರೆ ಹೆಚ್ಚಾಗಿ ಕಾಣುವುದು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸಿದ ಹಳೆಯ ವಾಹನಗಳಲ್ಲಿ. ಎಂಜಿನ್ ಬದಲಾಯಿತು, ಆದರೆ ಅದನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರು, ಬ್ಯಾಟರಿ, ತಂತಿ ಇವು ಹಳೆಯವೇ ಉಳಿದವು. ಹೀಗಾದಾಗ ಯಾವ ಮೋಟಾರು ತಕ್ಕದ್ದು, ಅದನ್ನು ಹೊಂದಿಸುವ ಕ್ರಮ ಯಾವುದು ಎಂಬುದೇ ಈ ಪಾಠದ ವಿಷಯ.

೧. ಡೀಸೆಲ್ ಎಂಜಿನ್ ಏಕೆ ಬಿಗಿ?

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯಿಂದ ಬೆಂಕಿ ಹತ್ತುತ್ತದೆ. ೧೮೯೭ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಎಣ್ಣೆಯನ್ನು ಚಿಮುಕಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ತತ್ವ ಅದೇ.

ಹಳೆಯ ಪೆಟ್ರೋಲ್ ಎಂಜಿನ್ ಏಳೆಂಟು ಪಾಲು ಗಾಳಿಯನ್ನು ಒಂದು ಪಾಲಿಗೆ ಒತ್ತುತ್ತದೆ. ಚಿಕ್ಕ ಡೀಸೆಲ್ ಎಂಜಿನ್ ಸುಮಾರು ಇಪ್ಪತ್ತು ಪಾಲನ್ನು ಒಂದು ಪಾಲಿಗೆ ಒತ್ತುತ್ತದೆ. ಆದ್ದರಿಂದ ಅದನ್ನು ತಿರುಗಿಸಲು ಹೆಚ್ಚು ಬಲ ಬೇಕು. ಬಲವೊಂದೇ ಸಾಲದು, ವೇಗವೂ ಬೇಕು. ನಿಧಾನವಾಗಿ ಒತ್ತಿದರೆ ಬಿಸಿಯೆಲ್ಲ ಸಿಲಿಂಡರಿನ ತಣ್ಣನೆಯ ಗೋಡೆಗೆ ಹೋಗುತ್ತದೆ. ಗಾಳಿಯೂ ರಿಂಗುಗಳ ಸಂದಿನಲ್ಲಿ ಸೋರುತ್ತದೆ. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ೬೦ರಿಂದ ೯೦ ಸುತ್ತು ತಿರುಗಿದರೆ ಹೊರಡುತ್ತದೆ. ಚಿಕ್ಕ ಡೀಸೆಲ್ ಎಂಜಿನ್ನಿಗೆ ಚಳಿಯಲ್ಲಿ ೧೦೦ರಿಂದ ೨೦೦ ಸುತ್ತು ಬೇಕಾಗುತ್ತದೆ. ಹೀಗಿರಲಾಗಿ ಒಂದು ಕಿಲೋವಾಟ್ ಶಕ್ತಿಯ ಪೆಟ್ರೋಲ್ ಮೋಟಾರನ್ನು ಎರಡು ಲೀಟರ್ ಡೀಸೆಲ್ ಎಂಜಿನ್ನಿಗೆ ಕಟ್ಟುವುದೆಂದರೆ ಕರುವಿನ ಹೆಗಲಿಗೆ ಎತ್ತಿನ ನೊಗ ಇಟ್ಟಂತೆ. ಇಂಥ ಎಂಜಿನ್ನಿಗೆ ಎರಡು ಕಿಲೋವಾಟ್ ಅಥವಾ ಅದಕ್ಕೂ ತುಸು ಮೇಲ್ಪಟ್ಟ ಮೋಟಾರು ಬೇಕು.

೨. ಎಂಜಿನ್ ಬದಲಾವಣೆ ಎಂದಿನಿಂದ?

ಇದು ಹೊಸ ಸಾಹಸವಲ್ಲ. ೧೯೫೦ರ ದಶಕದಲ್ಲೇ ಮದರಾಸಿನ ಸಿಂಪ್ಸನ್ ಸಂಸ್ಥೆ ಪರ್ಕಿನ್ಸ್ ಡೀಸೆಲ್ ಎಂಜಿನ್‌ಗಳ ತಯಾರಿಕೆಗೆ ತೊಡಗಿತ್ತು. ಪೆಟ್ರೋಲ್ ಲಾರಿಗಳಿಗೆ ಇಂಥ ಎಂಜಿನ್ ಕೂಡಿಸುವುದು ಆಗ ನಡೆಯುತ್ತಿದ್ದ ಕೆಲಸ. ೧೯೭೩ರಲ್ಲಿ ತೈಲದ ಬೆಲೆ ಜಗತ್ತಿನಲ್ಲೆಲ್ಲ ಏರಿದ ಮೇಲೆ ಜೀಪು, ಕಾರು, ವ್ಯಾನುಗಳ ಮಾಲೀಕರೂ ಡೀಸೆಲ್ ಕಡೆ ತಿರುಗಿದರು. ಬೆಂಗಳೂರಿನಲ್ಲಿ ೧೯೫೧ರಲ್ಲಿ ಸ್ಥಾಪನೆಯಾದ ಮೈಕೋ ಕಾರ್ಖಾನೆ ಡೀಸೆಲ್ ಪಂಪುಗಳಿಗೆ ಹೆಸರಾಯಿತು. ೧೯೬೦ರ ದಶಕದ ಆದಿಯಲ್ಲಿ ಮದರಾಸಿನ ಬಳಿಯ ಪಾಡಿಯಲ್ಲಿ ಆರಂಭವಾದ ಲೂಕಾಸ್ ಟಿ.ವಿ.ಎಸ್. ಕಾರ್ಖಾನೆ ಸ್ಟಾರ್ಟರ್ ಮೋಟಾರುಗಳನ್ನು ಇಲ್ಲೇ ಸಿಕ್ಕುವಂತೆ ಮಾಡಿತು.

ಇಲ್ಲಿ ಒಂದು ಎಚ್ಚರಿಕೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ನೋಂದಣಿ ಅಧಿಕಾರಿಯ ಅನುಮತಿಯಿಲ್ಲದೆ ವಾಹನದ ಎಂಜಿನ್ ಮಾದರಿ ಬದಲಾಯಿಸಕೂಡದು. ಎಂಜಿನ್ ಬದಲಾವಣೆ ಆರ್.ಸಿ. ಪುಸ್ತಕದಲ್ಲಿ ದಾಖಲಾಗಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ದಾಖಲಿಲ್ಲದ ವಾಹನ ಅಪಘಾತಕ್ಕೆ ಸಿಕ್ಕಿದರೆ ವಿಮೆಯ ಹಣಕ್ಕೆ ತಕರಾರು ಬರಬಹುದು. ಈ ಪಾಠ ಕ್ರಮವಾಗಿ ದಾಖಲಾದ ವಾಹನಗಳಿಗೆ ಮಾತ್ರ.

೩. ಮೋಟಾರಿನ ಮೂರು ಬಗೆ

ವಿದ್ಯುತ್ತಿನಿಂದ ಎಂಜಿನ್ ಎಬ್ಬಿಸುವ ಏರ್ಪಾಡನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ಬಳಕೆಗೆ ತಂದರು. ೧೯೧೨ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಅಲ್ಲಿಂದ ಈಚೆಗೆ ಮೂರು ಬಗೆಯ ಮೋಟಾರುಗಳು ಬಳಕೆಯಲ್ಲಿ ಬಂದಿವೆ.

ಮೊದಲನೆಯದು ಬೆಂಡಿಕ್ಸ್ ಬಗೆ. ಮೋಟಾರು ತಿರುಗಿದ ರಭಸಕ್ಕೇ ಪಿನಿಯನ್, ಅಂದರೆ ಚಿಕ್ಕ ಹಲ್ಲುಚಕ್ರ, ತಿರುಪಿನ ಮೇಲೆ ಜಾರಿ ಫ್ಲೈವೀಲಿನ ಹಲ್ಲುಬಳೆಗೆ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಒಂದು ಸಲ ಗುಡುಗಿದೊಡನೆ ಹಿಂದಕ್ಕೆ ಸಿಡಿದುಹೋಗುತ್ತದೆ. ಚಳಿಯಲ್ಲಿ ಡೀಸೆಲ್ ಎಂಜಿನ್ ಒಂದೆರಡು ಗುಡುಗಿಗೆ ಹೊರಡದು. ಹೀಗಾಗಿ ಈ ಬಗೆ ಡೀಸೆಲಿಗೆ ಸಲ್ಲದು.

ಎರಡನೆಯದು ಸೊಲೆನಾಯ್ಡ್ ಬಗೆ. ಇದರಲ್ಲಿ ಮೊದಲು ಸೊಲೆನಾಯ್ಡ್ ಪಿನಿಯನ್ನನ್ನು ಬಳೆಯ ಹಲ್ಲಿಗೆ ತಳ್ಳುತ್ತದೆ. ಆಮೇಲೆ ಮೋಟಾರಿಗೆ ಪೂರ್ಣ ವಿದ್ಯುತ್ ಹರಿಯುತ್ತದೆ. ಕೀಲಿ ಬಿಡುವವರೆಗೂ ಹಲ್ಲು ಬಿಡುವುದಿಲ್ಲ. ಎಂಜಿನ್ ಹೊರಟು ವೇಗವಾದರೆ ಒಮ್ಮುಖ ಕ್ಲಚ್ಚು ಮೋಟಾರನ್ನು ಕಾಪಾಡುತ್ತದೆ.

ಮೂರನೆಯದು ಗೇರು ಕೂಡಿದ ಸೊಲೆನಾಯ್ಡ್ ಬಗೆ. ಮೋಟಾರಿಗೂ ಪಿನಿಯನ್ನಿಗೂ ನಡುವೆ ಒಂದು ಗೇರು ಇರುತ್ತದೆ. ದೊಡ್ಡ ಕಲ್ಲನ್ನು ಬರಿಗೈಯಿಂದ ಅಲ್ಲಾಡಿಸಲಾಗದವನು ಹಾರೆ ಕೊಟ್ಟು ಮೀಟುತ್ತಾನೆ. ಗೇರು ಕೆಲಸ ಮಾಡುವುದು ಆ ಹಾರೆಯಂತೆ. ಚಿಕ್ಕ ಮೋಟಾರು ಬಹು ವೇಗವಾಗಿ ತಿರುಗುತ್ತದೆ. ಗೇರು ಆ ವೇಗವನ್ನು ಬಲವಾಗಿ ಮಾರ್ಪಡಿಸುತ್ತದೆ.

ಒಂದು ಲೆಕ್ಕ ನೋಡಿ. ಬಳೆಗೆ ೧೩೦ ಹಲ್ಲು, ಪಿನಿಯನ್ನಿಗೆ ೧೦ ಹಲ್ಲು ಇವೆಯೆನ್ನೋಣ. ಎಂಜಿನ್ ಒಂದು ಸುತ್ತು ಬರಲು ಪಿನಿಯನ್ ೧೩ ಸುತ್ತು ಬರಬೇಕು. ಎಂಜಿನ್ನಿಗೆ ನಿಮಿಷಕ್ಕೆ ೧೫೦ ಸುತ್ತು ಬೇಕಾದರೆ ಪಿನಿಯನ್ನಿಗೆ ೧,೯೫೦ ಸುತ್ತು. ಒಳಗೆ ನಾಲ್ಕಕ್ಕೊಂದರ ಗೇರು ಇದ್ದರೆ ಮೋಟಾರು ೭,೮೦೦ ಸುತ್ತು ತಿರುಗುತ್ತದೆ. ಮೋಟಾರು ವೇಗವಾಗಿ ತಿರುಗಿದಷ್ಟೂ ಅದೇ ಶಕ್ತಿಗೆ ಚಿಕ್ಕ ದೇಹ ಸಾಕಾಗುತ್ತದೆ. ಬಿಗಿ ಎಂಜಿನ್ನಿನ ಮುಂದೆ ತಡೆದು ನಿಲ್ಲುವುದೂ ಕಡಿಮೆ. ತಡೆದು ನಿಂತ ಮೋಟಾರೇ ಬ್ಯಾಟರಿಯನ್ನು ಹೀರುವುದು. ಆದ್ದರಿಂದ ಮೋಟಾರಿನ ಗಾತ್ರ ಕಂಡು ಮರುಳಾಗಬೇಡಿ. ಗೇರು ಕೂಡಿದ ಚಿಕ್ಕ ಮೋಟಾರು, ಗೇರಿಲ್ಲದ ದೊಡ್ಡದಕ್ಕಿಂತ ಚೆನ್ನಾಗಿ ಕೆಲಸ ಮಾಡೀತು.

೪. ಕೊಳ್ಳುವ ಮುನ್ನ ಪರೀಕ್ಷೆ

ಮೋಟಾರು ಕೆಟ್ಟಿದೆಯೆಂದು ಹಣ ಸುರಿಯುವ ಮೊದಲು ದೋಷ ಎಲ್ಲಿದೆಯೆಂದು ತಿಳಿಯಬೇಕು. ಒಂದು ಸಾದಾ ಮಲ್ಟಿಮೀಟರ್ ಸಾಕು. ಗೇರು ತಟಸ್ಥವಾಗಿರಲಿ, ಕೈಬ್ರೇಕು ಎಳೆದಿರಲಿ. ಎಂಜಿನ್ ಹೊರಡದಂತೆ ಡೀಸೆಲ್ ನಿಲ್ಲಿಸುವ ಗುಂಡಿ ಎಳೆದಿಟ್ಟು, ಒಬ್ಬರು ಕೀಲಿ ತಿರುಗಿಸಲಿ, ಇನ್ನೊಬ್ಬರು ಅಳೆಯಲಿ.

ಮೊದಲು ಬ್ಯಾಟರಿ. ಸುಮ್ಮನಿದ್ದಾಗ ೧೨.೬ ವೋಲ್ಟಿನ ಸಮೀಪ ಇರಬೇಕು. ಎಂಜಿನ್ ತಿರುಗಿಸುವಾಗ ೯.೬ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಬ್ಯಾಟರಿ ಖಾಲಿ, ಚಿಕ್ಕದು ಅಥವಾ ಮುದಿ. ಇಲ್ಲವೆ ಮೋಟಾರು ಅತಿಯಾಗಿ ಹೀರುತ್ತಿದೆ. ಚೆನ್ನಾಗಿ ತುಂಬಿದ ಇನ್ನೊಂದು ಬ್ಯಾಟರಿಯಿಂದ ಪರೀಕ್ಷಿಸಿದರೆ ಯಾವುದೆಂದು ತಿಳಿಯುತ್ತದೆ.

ಎರಡನೆಯದು ಧನ ತಂತಿ. ಬ್ಯಾಟರಿಯ ಧನ ಕಂಬಕ್ಕೆ ಒಂದು ಮುಳ್ಳು, ಮೋಟಾರಿನ ದಪ್ಪ ತಿರುಪಿಗೆ ಇನ್ನೊಂದು ಮುಳ್ಳು ಇಟ್ಟು ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಶಕ್ತಿ ದಾರಿಯಲ್ಲೇ ಸೋರುತ್ತಿದೆ.

ಮೂರನೆಯದು ಭೂಮಿ ತಂತಿ. ಬ್ಯಾಟರಿಯ ಋಣ ಕಂಬಕ್ಕೂ ಮೋಟಾರಿನ ಮೈಗೂ ನಡುವೆ ಅದೇ ರೀತಿ ಅಳೆಯಿರಿ. ಇಲ್ಲಿಯೂ ಅರ್ಧ ವೋಲ್ಟು ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ. ಎಂಜಿನ್ನಿಗೂ ಚಾಸಿಗೂ ನೇರವಾದ ದಪ್ಪ ಪಟ್ಟಿ ಇರಲೇಬೇಕು. ಎಂಜಿನ್ ಬದಲಿಸಿದ ವಾಹನಗಳಲ್ಲಿ ಮರೆತುಹೋಗುವುದು ಮುಖ್ಯವಾಗಿ ಈ ಪಟ್ಟಿಯೇ.

ತಂತಿಯ ದಪ್ಪವೂ ಕಾಲುವೆಯ ಅಗಲದಂತೆ. ಹೋಗಿ ಬರುವ ತಾಮ್ರದ ತಂತಿ ಒಟ್ಟು ೪ ಮೀಟರು, ಹರಿಯುವ ವಿದ್ಯುತ್ ೩೦೦ ಆಂಪಿಯರ್ ಎಂದಿಟ್ಟುಕೊಳ್ಳಿ. ೧೬ ಚದರ ಮಿಲಿಮೀಟರ್ ತಂತಿಯಲ್ಲಿ ಸುಮಾರು ೧.೩ ವೋಲ್ಟು ದಾರಿಯಲ್ಲೇ ನಷ್ಟವಾಗುತ್ತದೆ. ಅಂದರೆ ೩೯೦ ವಾಟ್ ಶಕ್ತಿ ತಂತಿ ಕಾಯಿಸುವುದಕ್ಕೇ ಹೋಯಿತು. ೫೦ ಚದರ ಮಿಲಿಮೀಟರ್ ತಂತಿಯಲ್ಲಿ ನಷ್ಟ ಸುಮಾರು ೦.೪ ವೋಲ್ಟು ಮಾತ್ರ. ಎಷ್ಟೋ ವಾಹನಗಳಿಗೆ ಹೊಸ ಮೋಟಾರಿನ ಅಗತ್ಯವೇ ಬೀಳದು. ದಪ್ಪ ತಂತಿ, ಉಜ್ಜಿ ಶುಚಿಮಾಡಿದ ತುದಿ ಇಷ್ಟರಿಂದಲೇ ರೋಗ ವಾಸಿಯಾಗುತ್ತದೆ.

ಇದರ ಜೊತೆಗೆ ಹೀಟರ್ ಪ್ಲಗ್ಗುಗಳು ಕಾಯುತ್ತಿವೆಯೇ ನೋಡಿ. ಸವೆದುಹೋದ ಎಂಜಿನ್ನಿಗೆ ಎಂಥ ಮೋಟಾರು ಕಟ್ಟಿದರೂ ಪ್ರಯೋಜನ ಸ್ವಲ್ಪವೇ.

೫. ಹೊಂದಿಕೆಯ ಐದು ಅಳತೆಗಳು

ಪರೀಕ್ಷೆಯೆಲ್ಲ ಆಗಿ, ಮೋಟಾರೇ ಸಾಲದೆಂದು ತಿಳಿದರೆ ಬೇರೆ ಮೋಟಾರು ಹುಡುಕಬೇಕು. ಆ ಎಂಜಿನ್ನಿಗೇ ತಯಾರಾದ ಗೇರು ಮೋಟಾರು ಸಿಕ್ಕಿದರೆ ಅದೇ ಉತ್ತಮ. ಸಿಕ್ಕದಿದ್ದಾಗ ಮಾತ್ರ ಬೇರೆಯದನ್ನು ಹೊಂದಿಸತಕ್ಕದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯಂತೆ ಆಗದಿರಲು ಈ ಐದು ಅಳತೆಗಳನ್ನು ತಪ್ಪದೆ ನೋಡಬೇಕು.

ಒಂದು, ತಿರುಗುವ ದಿಕ್ಕು. ಸಾಮಾನ್ಯವಾಗಿ ಎಂಜಿನ್ನನ್ನು ಫ್ಯಾನಿನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಮೋಟಾರಿನ ದಿಕ್ಕನ್ನು ಪಿನಿಯನ್ನಿನ ಕಡೆಯಿಂದ ನೋಡಿ ಹೇಳುವುದು ವಾಡಿಕೆ. ಮೋಟಾರಿನ ಮೈ ಎಂಜಿನ್ನಿನ ಪಕ್ಕದಲ್ಲಿದ್ದರೆ ಅದು ಗಡಿಯಾರದ ದಿಕ್ಕಿಗೆ ತಿರುಗಬೇಕು. ಗೇರ್ ಪೆಟ್ಟಿಗೆಯ ಪಕ್ಕದಲ್ಲಿದ್ದರೆ ಅದಕ್ಕೆ ವಿರುದ್ಧ ದಿಕ್ಕಿಗೆ. ಬ್ಯಾಟರಿಯ ತಂತಿ ಅದಲುಬದಲು ಮಾಡಿ ದಿಕ್ಕು ಬದಲಿಸಲು ಹೋಗಬೇಡಿ. ಸುರುಳಿ ಕಟ್ಟಿದ ಸಾಮಾನ್ಯ ಮೋಟಾರು ಹಾಗೆ ಮಾಡಿದರೂ ಅದೇ ದಿಕ್ಕಿಗೆ ತಿರುಗುತ್ತದೆ. ಅಯಸ್ಕಾಂತದ ಮೋಟಾರು ಹಿಂದು ಮುಂದಾದರೂ ಅದರ ಒಮ್ಮುಖ ಕ್ಲಚ್ಚು ಬಲವನ್ನು ಸಾಗಿಸದು.

ಎರಡು, ವೋಲ್ಟು. ಲಾರಿಯ ೨೪ ವೋಲ್ಟಿನ ಮೋಟಾರು ನೋಡಲು ಗಟ್ಟಿ. ೧೨ ವೋಲ್ಟಿನ ವ್ಯಾನಿನಲ್ಲಿ ಅದು ಅರೆಜೀವ.

ಮೂರು, ಹಲ್ಲಿನ ಅಳತೆ. ಬಳೆಯ ಹೊರ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಭಾಗಿಸಿದರೆ ಹಲ್ಲಿನ ಮಾನ ಬರುತ್ತದೆ. ಇದಕ್ಕೆ ಮಾಡ್ಯೂಲ್ ಎಂದು ಹೆಸರು. ವ್ಯಾಸ ೩೩೦, ಹಲ್ಲು ೧೩೦ ಆದರೆ, ೩೩೦ನ್ನು ೧೩೨ರಿಂದ ಭಾಗಿಸಿದಾಗ ೨.೫. ಇಂಗ್ಲಿಷ್ ಎಂಜಿನ್ನುಗಳಲ್ಲಿ ಅಂಗುಲದ ಲೆಕ್ಕದ ಹಲ್ಲುಗಳಿವೆ. ಅವುಗಳಲ್ಲಿ ಹತ್ತರ ಪಿಚ್ಚಿನದು ೨.೫೪ ಆಗುತ್ತದೆ. ಕಣ್ಣಿಗೆ ಎರಡೂ ಒಂದೇ. ಆದರೆ ೧೩೦ ಹಲ್ಲಿನ ಬಳೆಯಲ್ಲಿ ವ್ಯಾಸಕ್ಕೆ ೫ ಮಿಲಿಮೀಟರಿನ ವ್ಯತ್ಯಾಸ. ಒಂದಕ್ಕೊಂದು ಕಚ್ಚಿದಂತೆ ತೋರಿ, ಕೆಲವು ತಿಂಗಳಲ್ಲಿ ಬಳೆಯನ್ನು ತಿಂದುಹಾಕುತ್ತದೆ. ಗಿಡ್ಡ ಹಲ್ಲಿನ ಬಳೆಗಳೂ ಇರುವುದರಿಂದ ಲೆಕ್ಕ ಸರಿಬಾರದಿದ್ದರೆ ಬಲ್ಲ ಲೇತ್ ಕೆಲಸಗಾರರಿಗೆ ತೋರಿಸಿ.

ನಾಲ್ಕು, ನಡುವಿನ ದೂರ. ಬಳೆಯ ನಡುವಿನಿಂದ ಪಿನಿಯನ್ನಿನ ನಡುವಿಗೆ ಇರುವ ದೂರ ಮುಖ್ಯ. ಮೇಲಿನ ಉದಾಹರಣೆಯಲ್ಲಿ ೧೩೦ ಮತ್ತು ೧೦ ಕೂಡಿಸಿ, ೨.೫ರಿಂದ ಗುಣಿಸಿ, ಅರ್ಧ ಮಾಡಿದರೆ ೧೭೫ ಮಿಲಿಮೀಟರು. ಸ್ಟಾರ್ಟರ್ ಪಿನಿಯನ್ನಿನ ಹಲ್ಲನ್ನು ಬಲಕ್ಕಾಗಿ ತುಸು ದಪ್ಪವಾಗಿ ಕಡೆದಿರುವುದುಂಟು. ಆಗ ಈ ದೂರವೂ ಸ್ವಲ್ಪ ಹೆಚ್ಚುತ್ತದೆ. ಕೂಡಿಸಿದ ಮೇಲೆ ಹಲ್ಲಿಗೂ ಹಲ್ಲಿಗೂ ನಡುವೆ ಸುಮಾರು ಅರ್ಧ ಮಿಲಿಮೀಟರಿನ ಆಟ ಇರಬೇಕು. ಬಿಗಿಯಾದರೆ ಚೀರುತ್ತದೆ, ಸಡಿಲಾದರೆ ಹಲ್ಲು ಮುರಿಯುತ್ತದೆ.

ಐದು, ಚಾಚು. ಪಿನಿಯನ್ ಸುಮ್ಮನಿದ್ದಾಗ ಬಳೆಯಿಂದ ಸುಮಾರು ೩ ಮಿಲಿಮೀಟರು ದೂರವಿರಬೇಕು. ಚಾಚಿದಾಗ ಬಳೆಯ ಅಗಲವನ್ನೆಲ್ಲ ಕಚ್ಚಬೇಕು.

೬. ಜೋಡಣೆ ಫಲಕ

ಮೋಟಾರಿನ ತೂತುಗಳಿಗೂ ವಾಹನದ ತೂತುಗಳಿಗೂ ತಾಳೆ ಬೀಳದಾಗ ನಡುವೆ ೧೦ ಅಥವಾ ೧೨ ಮಿಲಿಮೀಟರ್ ದಪ್ಪದ ಉಕ್ಕಿನ ಫಲಕ ಹಾಕುತ್ತಾರೆ. ಇಲ್ಲೇ ಬಹಳ ಮಂದಿ ಎಡವುವುದು. ಫಲಕದ ದಪ್ಪದಷ್ಟೇ ಮೋಟಾರು ಹಿಂದೆ ಸರಿಯುತ್ತದೆಂಬುದು ಮರೆತುಹೋಗುತ್ತದೆ.

ಲೆಕ್ಕ ಹೀಗೆ. ಕೂರುವ ಮುಖದಿಂದ ಬಳೆಗೆ ೨೩ ಮಿಲಿಮೀಟರು. ಬಳೆಯ ಅಗಲ ೧೨. ಮೋಟಾರಿನ ಪಿನಿಯನ್ ಸುಮ್ಮನಿದ್ದಾಗ ೨೦, ಚಾಚಿದಾಗ ೩೮. ನೇರವಾಗಿ ಕೂಡಿಸಿದರೆ ೩ ಮಿಲಿಮೀಟರಿನ ಸಂದು, ಪೂರ್ಣ ಕಚ್ಚು, ಬಹಳ ಸರಿ. ನಡುವೆ ೧೦ ಮಿಲಿಮೀಟರಿನ ಫಲಕ ಬಂದರೆ ಪಿನಿಯನ್ ೨೮ರವರೆಗೆ ಮಾತ್ರ ಮುಟ್ಟುತ್ತದೆ. ೧೨ರಲ್ಲಿ ೫ ಮಿಲಿಮೀಟರು ಮಾತ್ರ ಕಚ್ಚುತ್ತದೆ. ಅರ್ಧ ಹಲ್ಲಿನ ಮೇಲೆ ಪೂರ್ಣ ಭಾರ ಬಿದ್ದು ಹಲ್ಲು ಉದುರುತ್ತದೆ. ಬಳೆ ಬದಲಿಸಲು ಗೇರ್ ಪೆಟ್ಟಿಗೆ ಇಳಿಸಬೇಕು. ಖರ್ಚು ಮೋಟಾರಿನ ಬೆಲೆಯನ್ನೂ ಮೀರಬಹುದು. ಪರಿಹಾರ ಎರಡು: ಮೂಗು ಉದ್ದವಿರುವ ಮೋಟಾರನ್ನು ಆರಿಸುವುದು, ಇಲ್ಲವೆ ಫಲಕದಲ್ಲಿ ತಗ್ಗು ಕಡೆಸಿ ಮೋಟಾರಿನ ಮುಖ ಅದರೊಳಗೆ ಕೂರುವಂತೆ ಮಾಡುವುದು.

ಫಲಕದ ನಡುತೂತನ್ನು ಲೇತಿನಲ್ಲೇ ಕಡೆಸಬೇಕು. ಮೋಟಾರಿನ ದುಂಡು ಕುತ್ತಿಗೆ ಅದರಲ್ಲಿ ಅಲ್ಲಾಡದೆ ಕೂರಬೇಕು. ಬೋಲ್ಟಿನ ತೂತನ್ನು ಅರದಿಂದ ಉದ್ದ ಮಾಡಿ ಹೊಂದಿಸುವುದು ಸಲ್ಲದು. ಒಂದು ತಿಂಗಳಿಗೆ ಮೋಟಾರು ಜರುಗುತ್ತದೆ. ಫಲಕದ ಎರಡು ಮುಖಗಳಿಗೂ ಬಣ್ಣ ಬಳಿಯಬೇಡಿ. ಮೋಟಾರಿನ ವಿದ್ಯುತ್ ಮರಳಿ ಹೋಗುವುದು ಆ ಮುಖಗಳ ಮೂಲಕವೇ.

ಕೂಡಿಸಿದ ಮೇಲೆ ಪರೀಕ್ಷೆ ಮಾಡುವ ಸುಲಭ ಉಪಾಯವುಂಟು. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಪಿನಿಯನ್ನಿನ ಹಲ್ಲಿಗೆ ತೆಳ್ಳಗೆ ಸವರಿ, ನಾಲ್ಕಾರು ಸಲ ತಿರುಗಿಸಿ, ಮೋಟಾರು ಇಳಿಸಿ ನೋಡಿ. ಬಳೆಯ ಹಲ್ಲಿನ ಅಗಲದುದ್ದಕ್ಕೂ ಸಮನಾಗಿ ಗುರುತು ಬಿದ್ದಿದ್ದರೆ ಕೂಡಿಕೆ ನೇರವಾಗಿದೆ. ಒಂದು ಅಂಚಿನಲ್ಲಿ ಮಾತ್ರ ಬಿದ್ದಿದ್ದರೆ ಮೋಟಾರು ಓರೆಯಾಗಿದೆ.

ನಾಲ್ಕು ಸಿಲಿಂಡರಿನ ಎಂಜಿನ್ ನಿಲ್ಲುವಾಗ ಹೆಚ್ಚಾಗಿ ಎದುರುಬದುರಿನ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ. ಅಲ್ಲಿಯ ಹಲ್ಲುಗಳೇ ಮೊದಲು ಸವೆಯುತ್ತವೆ. ಹೊಸ ಮೋಟಾರು ಕೂಡಿಸುವ ಮುನ್ನ ಬಳೆಯನ್ನು ಒಂದು ಪೂರ್ಣ ಸುತ್ತು ಕೈಯಿಂದ ತಿರುಗಿಸಿ ಹಲ್ಲುಗಳನ್ನೆಲ್ಲ ನೋಡುವುದು ಅವಶ್ಯ.

೭. ತಂತಿಯ ಜೋಡಣೆ

ಸೊಲೆನಾಯ್ಡ್ ಪಿನಿಯನ್ನನ್ನು ತಳ್ಳುವ ಗಳಿಗೆಯಲ್ಲಿ ತಾನೇ ಹತ್ತಾರು ಆಂಪಿಯರ್ ಎಳೆಯುತ್ತದೆ. ಹಳೆಯ ಪೆಟ್ರೋಲ್ ವ್ಯಾನಿನ ಕೀಲಿ ಅಷ್ಟು ತಾಳದು. ಒಳಗೆ ಸುಟ್ಟು ಅಂಟಿಕೊಂಡರೆ ಮೋಟಾರು ನಿಲ್ಲದೆ ತಿರುಗಿ ಬೆಂಕಿಯೇ ಹತ್ತಬಹುದು. ಆದ್ದರಿಂದ ನಡುವೆ ಒಂದು ರಿಲೇ, ಅದಕ್ಕೊಂದು ಫ್ಯೂಸು ಇರಲಿ. ಕೀಲಿ ರಿಲೇಗೆ ಅಪ್ಪಣೆ ಕೊಟ್ಟರೆ ಸಾಕು. ಭಾರ ಹೊರುವುದು ರಿಲೇ. ದಪ್ಪ ತಂತಿ ಸೈಲೆನ್ಸರಿನ ಕೊಳವೆಗೂ ಸ್ಟೀರಿಂಗ್ ಕಡ್ಡಿಗೂ ತಾಗದಂತೆ ಹಿಡಿತ ಹಾಕಿ. ಕೊಳವೆ ಮೋಟಾರಿಗೆ ಬಹಳ ಹತ್ತಿರವಾದರೆ ನಡುವೆ ತಗಡಿನ ಮರೆ ಕಟ್ಟಿ.

೮. ಪ್ರಾಣಕ್ಕೆ ಸಂಬಂಧಪಟ್ಟ ಮಾತು

ಕೆಲಸ ಆರಂಭಿಸುವಾಗ ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಿ. ಮುಗಿದ ಮೇಲೆ ಅದನ್ನು ಕೊನೆಯಲ್ಲಿ ಕಟ್ಟಿ. ಬ್ಯಾಟರಿಯ ಬಳಿ ಬೀಡಿ, ಬೆಂಕಿಕಡ್ಡಿ ಬೇಡ. ತುಂಬುವಾಗ ಅದರಿಂದ ಹೊರಡುವ ಅನಿಲ ಸಿಡಿಯುವಂಥದು. ವಾಹನದ ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ಎರಡು ತಿರುಪು ಮುಟ್ಟಿಸಿ ಎಂಜಿನ್ ಎಬ್ಬಿಸುವುದನ್ನು ಜಾಣತನವೆಂದು ತಿಳಿದವರಿದ್ದಾರೆ. ಗೇರಿನಲ್ಲಿ ಉಳಿದ ವಾಹನ ಆ ಕ್ಷಣವೇ ಮುಂದೆ ನುಗ್ಗಿ ಮಲಗಿದವರ ಮೇಲೆ ಹರಿಯುತ್ತದೆ. ಇದನ್ನು ಯಾರೂ ಮಾಡಕೂಡದು, ಮಕ್ಕಳಿಗಂತೂ ಕಲಿಸಲೇಬಾರದು.

೯. ಬಳಕೆಯ ನಿಯಮ

ಹೀಟರ್ ಪ್ಲಗ್ ಕಾಯಲು ಸಮಯ ಕೊಟ್ಟು ಆಮೇಲೆ ಕೀಲಿ ತಿರುಗಿಸಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ. ನಡುವೆ ಅರ್ಧ ನಿಮಿಷವಾದರೂ ಬಿಡುವಿರಲಿ. ಎಂಜಿನ್ ಪೂರ್ತಿ ನಿಲ್ಲುವ ಮೊದಲು ಮತ್ತೆ ಕೀಲಿ ಮುಟ್ಟಬೇಡಿ. ಸೋಮವಾರ ಎತ್ತಿಗೆ ನೊಗ ಹೂಡದ ವಾಡಿಕೆ ನಮ್ಮಲ್ಲುಂಟು. ತಿಂಗಳಿಗೊಂದು ಸೋಮವಾರ ವ್ಯಾನಿನ ಬ್ಯಾಟರಿ ತುದಿಗಳನ್ನೂ ಭೂಮಿ ಪಟ್ಟಿಯನ್ನೂ ಬಿಚ್ಚಿ ಉಜ್ಜಿ ಬಿಗಿಮಾಡಿದರೆ ಮಳೆಗಾಲ ಚಳಿಗಾಲಗಳಲ್ಲಿ ಅದು ಕೈಬಿಡುವುದಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಡೀಸೆಲ್ ಎಂಜಿನ್ನನ್ನು ನಿಧಾನವಾಗಿ ತಿರುಗಿಸಿದರೆ ಏಕೆ ಹೊರಡುವುದಿಲ್ಲ?
೨. ಬಳೆಗೆ ೧೨೬ ಹಲ್ಲು, ಪಿನಿಯನ್ನಿಗೆ ೯ ಹಲ್ಲು ಇದ್ದರೆ ಎಂಜಿನ್ನಿನ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತು ಬರುತ್ತದೆ?
೩. ಮೇಲಿನ ಲೆಕ್ಕದಲ್ಲಿ ಫಲಕದಲ್ಲಿ ೮ ಮಿಲಿಮೀಟರಿನ ತಗ್ಗು ಕಡೆಸಿದರೆ ಪಿನಿಯನ್ ಬಳೆಯನ್ನು ಎಷ್ಟು ಕಚ್ಚುತ್ತದೆ?
೪. ಹೊಸ ಮೋಟಾರು ಕೊಳ್ಳುವ ಮುನ್ನ ಅಳೆಯಬೇಕಾದ ಮೂರು ವೋಲ್ಟುಗಳಾವುವು?

ಯುವಕ ಮಂಡಲದವರು ಒಂದು ಮಲ್ಟಿಮೀಟರ್ ಕೊಂಡಿಟ್ಟು, ಊರಿನ ವಾಹನಗಳನ್ನೆಲ್ಲ ಒಂದು ದಿನ ಅಳೆದು, ಸಿಕ್ಕ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದು ಊರಿಗೆಲ್ಲ ಉಪಕಾರ. ಮುಂದಿನ ಚಳಿಗಾಲಕ್ಕೆ ಮೊದಲು ಯಾವ ವಾಹನ ಸೋತಿದೆಯೆಂದು ಆ ಪುಸ್ತಕವೇ ಹೇಳುತ್ತದೆ.